ಹೂವಾದ ತೋಟಕ್ಕೆ ಬಿದ್ದ ಮೂರನೇ ಚೆಂಡು

ಹೂವಾದ ಕಾಫಿ ತೋಟಕ್ಕೆ ಚೆಂಡು ಬಿದ್ದರೆ ಅದು ಯಾರದ್ದು, ಹೇಳಿ ನೋಡೋಣ? ಒದ್ದವನದ್ದು ಅಂದಿರಾ? ಹಾಗಾದರೆ ನೀವು ಘಟ್ಟದ ಕೆಳಗಿನವರೋ ಬಯಲುಸೀಮೆಯವರೋ ಇರಬೇಕು. ನಮ್ಮಲ್ಲಿ ಅದು ಹೂವಿನದ್ದು. ಹೂಮಳೆ ಬಿದ್ದು ಏಳೆಂಟು ದಿನಕ್ಕೆ ಗಿಡವೆಲ್ಲ ಬೆಳ್ಳಗೆ ಅರಳಿ ನಿಲ್ಲುತ್ತದೆ. ಆ ಎರಡು ಮೂರು ದಿನ ತೋಟದೊಳಗೆ ಜೇನುಹುಳಕ್ಕೆ ಮಾತ್ರ ಪ್ರವೇಶ. ಮನುಷ್ಯರ ಮೈ ತಾಗಿದರೆ ಹೂವು ಉದುರುತ್ತದೆ, ಉದುರಿದ ಹೂವು ಕಾಯಿ ಕಟ್ಟುವುದಿಲ್ಲ. ಇದು ನಮ್ಮ ಬಾಳೂರು ಕಡೆಯ ಮಕ್ಕಳಿಗೂ ಗೊತ್ತು. ಚೆಂಡು ಒಳಗೆ ಹೋದರೆ ಹೂವು ಬಾಡುವ ತನಕ ಕಾಯಬೇಕು, ಅಷ್ಟೆ.

ನನ್ನ ಒಂದೂವರೆ ಎಕರೆ ರೋಬಸ್ಟಾ ಇರುವುದು ನಮ್ಮೂರ ಫುಟ್‌ಬಾಲ್ ಮೈದಾನದ ಪಕ್ಕದಲ್ಲಿ. ಈ ಗುಡ್ಡಗಳ ನಡುವೆ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಬೇಸಾಯ ಬಿಟ್ಟ ಗದ್ದೆಯೊಂದನ್ನು ಮಟ್ಟ ಮಾಡಿ ಮೈದಾನ ಮಾಡಿಕೊಂಡಿದ್ದಾರೆ. ಒಂದು ಬದಿಗೆ ಗುಡ್ಡ ಕಡಿದು ಬಿಟ್ಟ ಎತ್ತರದ ಮಣ್ಣಿನ ಧರೆ, ಇನ್ನೊಂದು ಬದಿಗೆ ಬೇಲಿ. ಬೇಲಿಯಾಚೆ ಇಳಿಜಾರಿನಲ್ಲಿ ನನ್ನ ಗಿಡಗಳು. ಧರೆ ಕಡೆ ಹೊಡೆದ ಚೆಂಡು ತಾನಾಗಿ ವಾಪಸ್ಸು ಬರುತ್ತದೆ. ನನ್ನ ಕಡೆ ಹೊಡೆದದ್ದಕ್ಕೆ ನನ್ನ ಅಪ್ಪಣೆ ಬೇಕು.

ನಮ್ಮ ಕ್ಲಬ್ಬು ಲೀಗಿನ ಎ ಡಿವಿಷನ್ನಿನಿಂದ ಕೆಳಗೆ ಬಿದ್ದಾಗ ನನ್ನ ಮಗಳಿಗೆ ಮದುವೆಯಾಗಿರಲಿಲ್ಲ. ಈಗ ಅವಳ ಮಗಳು ಕಾಲೇಜಿಗೆ ಹೋಗುತ್ತಾಳೆ. ಅಷ್ಟು ವರ್ಷ ಬಿ ಡಿವಿಷನ್ನಿನಲ್ಲಿ ಕೊಳೆತು, ಹೋದ ವರ್ಷ ಅಂತೂ ಮೇಲಕ್ಕೆ ಹತ್ತಿದರು. ಅವತ್ತು ಗೋಲ್ ಕೀಪರನ್ನು ಜೀಪಿನ ಬಾನೆಟ್ಟಿನ ಮೇಲೆ ಕೂರಿಸಿ ಕೊಟ್ಟಿಗೆಹಾರದವರೆಗೆ ಮೆರವಣಿಗೆ ಮಾಡಿದರು. ಆ ಗೋಲ್ ಕೀಪರೇ ನನ್ನ ಅಳಿಯ. ಎಸ್ಟೇಟಿನಲ್ಲಿ ರೈಟರ್ ಕೆಲಸ. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ಕೊಯ್ದ ಹಣ್ಣು ತೂಗಿಸುವುದು. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಜೆರ್ಸಿ ದಾಟಿದೆ. ಇದೇ ಕೊನೆಯ ವರ್ಷ ಅಂತ ನನ್ನ ಮಗಳಿಗೆ ಮಾತು ಕೊಟ್ಟಿದ್ದರು. ನನ್ನ ಹತ್ತಿರ ಮಾತ್ರ ಒಂದು ದಿನ ಅಂಗಳದಲ್ಲಿ ಬೂಟು ತೊಳೆಯುತ್ತಾ ನಿಜ ಹೇಳಿದರು.

"ಇಷ್ಟು ವರ್ಷದ ಮೇಲೆ ಹತ್ತಿದ ಕ್ಲಬ್ಬನ್ನ ಒಂದೇ ವರ್ಷಕ್ಕೆ ಬೀಳಿಸಿದ ಗೋಲ್ ಕೀಪರ್ ಅಂತ ಹೆಸರು ಬರ್ಬಾರ್ದು ಅತ್ತೆ. ಅಷ್ಟೇ ಸಾಕು ನಂಗೆ."

ಅಷ್ಟೇ ಬಹಳ ಕಷ್ಟವಾಯಿತು. ಲೀಗು ಶುರುವಾಗುವುದೇ ಕೊಯ್ಲಿನ ಹೊತ್ತಿಗೆ. ನಮ್ಮ ಹುಡುಗರಲ್ಲಿ ಅರ್ಧ ಜನ ಹಗಲಿಡೀ ಮೂಟೆ ಹೊತ್ತವರು, ಜೀಪು ಓಡಿಸಿದವರು. ಭಾನುವಾರ ಮೈದಾನಕ್ಕೆ ಇಳಿದರೆ ಕಾಲು ಏಳುತ್ತಿರಲಿಲ್ಲ. ಕಳಸದಲ್ಲಿ ಐದು ಗೋಲು ಹೊಡೆಸಿಕೊಂಡು ಬಂದ ದಿನ ನಾನು ಅಳಿಯನ ತಟ್ಟೆಗೆ ಐದು ಕಡುಬು ಹಾಕಿದೆ.

ಅವರು ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿದರು. "ಇದು ಬೇಕಂತ್ಲೇ ಐದು ಹಾಕಿದ್ದಾ ಅತ್ತೆ?"

"ಇವನ್ನಾದ್ರೂ ಹಿಡೀರಿ ಅಂತ" ಅಂದೆ.

ಮಗಳು ಸೌಟು ಹಿಡಿದೇ ನನ್ನನ್ನು ಗದರಿದಳು. ಅಳಿಯ ಐದನ್ನೂ ಮುಗಿಸಿ ಆರನೆಯದನ್ನು ಕೇಳಿದರು. ಅವರ ಸ್ವಭಾವವೇ ಹಾಗೆ.

ನಾನು ಫೋನಿನಲ್ಲಿ ಅಕ್ಷರ ಒತ್ತಲು ಕಲಿತದ್ದು ಈ ಲೀಗಿನ ದೆಸೆಯಿಂದ. ಪಕ್ಕದ ತೋಟದ ಯಜಮಾನ್ತಿ ಅಂತ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿದ್ದರು. ಮೊಮ್ಮಗಳು ಒಂದು ವಾರ ಪಾಠ ಹೇಳಿದಳು. ನಾನು ಸ್ವಂತ ಬೆರಳಿನಿಂದ ಬರೆದ ಮೊದಲ ವಾಕ್ಯ ಇದು: ‘ಹೂವಿನ ದಿನ ಬೇಲಿ ಹಾರಿದವರ ಕಾಲು ಮುರಿಯುತ್ತೇನೆ.’ ಇಡೀ ಗುಂಪು ಕೈಮುಗಿದ ಚಿತ್ರ ಕಳಿಸಿತು.

ಕೊಯ್ಲು ಮುಗಿಯುತ್ತಾ ಬಂದ ಹಾಗೆ ಕಾಲುಗಳು ಹಗುರಾದವು. ಬೆಟ್ಟದ ಮೇಲಿನ ಅತ್ತಿಗುಂಡಿಯವರನ್ನು ಅವರದೇ ಚಳಿಯಲ್ಲಿ ಸೋಲಿಸಿ ಬಂದರು. ಇನ್ನೆರಡು ಆಟ ಸಮ ಮಾಡಿಕೊಂಡರು. ಕೊನೆಗೆ ಉಳಿದದ್ದು ನಮ್ಮ ಮೈದಾನದಲ್ಲೇ ಮೂಡಿಗೆರೆ ಪೇಟೆಯವರ ಮೇಲಿನ ಆಟ. ಸಮ ಆದರೆ ಎ ಡಿವಿಷನ್ನಿನಲ್ಲಿ ಉಳಿಯುತ್ತೇವೆ, ಸೋತರೆ ಮತ್ತೆ ಬಿ.

ಆ ಭಾನುವಾರಕ್ಕೆ ಸರಿಯಾಗಿ ಎಂಟು ದಿನ ಮುಂಚೆ ಹೂಮಳೆ ಸುರಿಯಿತು. ನಾವು ಬೆಳೆಗಾರರೆಲ್ಲ ಅಂಗಳಕ್ಕೆ ಬಂದು ನೆನೆದೆವು. ಕ್ಲಬ್ಬಿನವರು ಬೆರಳು ಮಡಚಿ ದಿನ ಎಣಿಸಿ ತಲೆ ಮೇಲೆ ಕೈಹೊತ್ತರು. ಕ್ಯಾಪ್ಟನ್, ಅಂದರೆ ನಮ್ಮೂರ ಆಳುಗಳನ್ನು ಜೀಪಿನಲ್ಲಿ ಕರೆದೊಯ್ಯುವ ಡ್ರೈವರ್, ಮರುದಿನವೇ ಮನೆಗೆ ಬಂದ.

"ಅಜ್ಜಿ, ಅವತ್ತೊಂದಿನ ಬಾಲ್ ತರೋಕೆ ಒಬ್ಬನ್ನ ಬಿಡಿ. ಹುಷಾರಾಗಿ ಹೋಗ್ತಾನೆ."

"ಒಬ್ಬ ಹೋದ್ರೆ ಹತ್ತು ಜನ ಹೋದ ಹಾಗೆ ಮಾರಾಯ. ನೀವು ಮೇಲ್ಗಡೆ ಹೊಡೀರಿ, ಧರೆ ಕಡೆ."

"ಬಾಲ್ ಹೇಳಿದ್ ಮಾತು ಕೇಳ್ತದಾ ಅಜ್ಜಿ?"

"ನನ್ ಹೂ ಕೇಳ್ತದಾ?"

ಪಾಪ, ಅವರೇ ಉಪಾಯ ಮಾಡಿದರು. ಕೊಯ್ಯುವಾಗ ಗಿಡದ ಬುಡಕ್ಕೆ ಹಾಸುವ ಟಾರ್ಪಾಲುಗಳನ್ನೆಲ್ಲ ಮನೆಮನೆಯಿಂದ ತಂದು ಹೊಲಿದು, ನನ್ನ ಸಿಲ್ವರ್ ಓಕ್ ಮರಗಳಿಗೆ ಕಟ್ಟಿ, ಬೇಲಿಯುದ್ದಕ್ಕೂ ನೀಲಿ ಗೋಡೆ ಎಬ್ಬಿಸಿದರು. ಭಾನುವಾರ ಬೆಳಿಗ್ಗೆ ಆ ನೀಲಿಯ ಹಿಂದೆ ನನ್ನ ತೋಟ ಹಾಲು ಉಕ್ಕಿದ ಹಾಗೆ ಅರಳಿತ್ತು. ಘಮ ತಲೆ ಸುತ್ತಿಸುವಷ್ಟು. ನಾನು ಪ್ಲಾಸ್ಟಿಕ್ ಕುರ್ಚಿಯನ್ನು ಬೇಲಿ ಪಕ್ಕ ಹಾಕಿಸಿಕೊಂಡು, ತೊಡೆಯ ಮೇಲೆ ಕೋಲು ಇಟ್ಟುಕೊಂಡು ಕುಳಿತೆ.

ಆಟ ಶುರು ಮಾಡುವ ಮೊದಲು ರೆಫ್ರಿ ಎಲ್ಲರಿಗೂ ಕೇಳುವ ಹಾಗೆ ನಿಯಮ ಹೇಳಿದರು. ಅವರು ಕೊಪ್ಪದ ಕಡೆಯ ಪಿ.ಟಿ. ಮೇಷ್ಟ್ರು, ನಗುವುದು ಕಡಿಮೆ. ಊರಿನ ತಂಡ ಮೂರು ಚೆಂಡು ಕೊಡಬೇಕು. ಮೂರೂ ಇಲ್ಲವಾಗಿ ಆಟ ನಿಂತರೆ ಎದುರಿನವರು ಗೆದ್ದ ಹಾಗೆ.

ಮೊದಲ ಅರ್ಧದಲ್ಲಿ ಗೋಡೆ ಚೆನ್ನಾಗಿ ಕೆಲಸ ಮಾಡಿತು. ಒಂದು ಚೆಂಡು ಮಾತ್ರ ಅದರ ಮೇಲಿನಿಂದ ಹಾರಿ ಒಳಗೆ ಹೋಯಿತು. ಪೇಟೆಯವರು ಒಂದು ಗೋಲು ಹೊಡೆದರು, ನಮ್ಮ ಕ್ಯಾಪ್ಟನ್ ಒಂದು ಹೊಡೆದ. ನಾನು ಎದ್ದು ಕುಣಿದದ್ದಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಎರಡನೇ ಅರ್ಧಕ್ಕೆ ಚಾರ್ಮಾಡಿ ಕಡೆಯಿಂದ ಗಾಳಿ ಎದ್ದಿತು. ಟಾರ್ಪಾಲು ಹಡಗಿನ ಪಟದ ಹಾಗೆ ಉಬ್ಬಿ, ಪಟಪಟ ಹೊಡೆದುಕೊಂಡು, ಹಗ್ಗ ಕಿತ್ತು ಮೈದಾನದ ಮೂಲೆಗೆ ಹೋಗಿ ಬಿತ್ತು. ಐದೇ ನಿಮಿಷದಲ್ಲಿ ಎರಡನೇ ಚೆಂಡೂ ಬೇಲಿ ದಾಟಿತು. ಇನ್ನು ಹತ್ತು ನಿಮಿಷದ ಆಟ ಇರುವಾಗ ಮೂರನೆಯದು ನನ್ನ ಅಳಿಯನ ಕೈಗೆ ಬಂತು. ದೂರಕ್ಕೆ ಒದೆಯಬೇಕಿತ್ತು, ಒದ್ದರು. ಅದು ದೂರಕ್ಕೇನೋ ಹೋಯಿತು. ನನ್ನ ತಲೆಯ ಮೇಲಿಂದ ಹೋಯಿತು.

ಊರೇ ‘ಅಯ್ಯೋ’ ಅಂದಿತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ರೆಫ್ರಿ ಗಡಿಯಾರ ನೋಡಿಕೊಂಡು ನನ್ನ ಹತ್ತಿರ ಬಂದರು. "ಐದ್ ನಿಮಿಷ ಕಾಯ್ತೀನಿ ಅಮ್ಮ. ಬಾಲ್ ಬರದಿದ್ರೆ ಆಟ ಅವ್ರದ್ದು."

ಮೂಡಿಗೆರೆಯ ಕ್ಯಾಪ್ಟನ್ ನೆಲದ ಮೇಲೆ ಕೂತು ಕಿತ್ತಳೆ ಸುಲಿಯಲು ಶುರು ಮಾಡಿದ. ಆ ಸಿಪ್ಪೆ ಬಿಚ್ಚುವ ನಿಧಾನ ನೋಡಿ ನನಗೆ ಮೈಯೆಲ್ಲ ಉರಿಯಿತು. ಅಳಿಯ ಗ್ಲೌಸು ಹಾಕಿದ ಕೈಯನ್ನೇ ಜೋಡಿಸಿಕೊಂಡು ಬೇಲಿ ಹತ್ತಿರ ಓಡಿ ಬಂದರು. ಮುಖ ಬಿಳುಚಿತ್ತು.

"ಅತ್ತೆ, ನಾನೇ ಹೋಗಿ ತರ್ತೀನಿ. ಒಂದೇ ಒಂದ್ಸಲ."

"ನೀವು ಅಲ್ಲೇ ನಿಲ್ಲಿ" ಅಂದೆ. "ಆ ಹೊಟ್ಟೆ ಇಟ್ಕೊಂಡು ಸಾಲಲ್ಲಿ ನುಗ್ಗಿದ್ರೆ ಎರಡೂ ಕಡೆ ಹೂ ಉಳಿಯಾಕಿಲ್ಲ."

ಹೇಳಿದ್ದೇ ಕೋಲು ಬಿಸಾಡಿದೆ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ತೋಟಕ್ಕೆ ಇಳಿದೆ. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಹೂವಿನ ದಿನ ಒಳಗೆ ಕಾಲಿಟ್ಟವಳಲ್ಲ. ಆದರೆ ಯಾವ ಗಿಡ ಯಾವ ಕಡೆ ವಾಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಮೈ ಓರೆ ಮಾಡಿಕೊಂಡು, ಉಸಿರು ಹಿಡಿದು, ಏಡಿಯ ಹಾಗೆ ಅಡ್ಡಡ್ಡ ನಡೆದೆ. ಸುತ್ತ ಜೇನುಹುಳಗಳ ಝೇಂಕಾರ. ಮೇಲಿಂದ ಮಗಳ ಕೂಗು.

"ಅಮ್ಮಾ, ಎಡಕ್ಕೆ! ಎಡಕ್ಕೆ ಬಿದ್ದದ್ದು!"

"ನಿನ್ ಎಡವಾ, ನನ್ ಎಡವಾ?"

"ಮೆಣಸಿನ ಬಳ್ಳಿ ಮರದ ಹತ್ರ ನೋಡು ಮಾರಾಯ್ತಿ!"

"ಮೂರು ನಿಮಿಷ ಆಯ್ತು" ಎಂದು ರೆಫ್ರಿ ಕೂಗಿದರು.

ಎರಡನೇ ಚೆಂಡು ಸಿಕ್ಕಿತು. ಕತ್ತರಿಸಿದ ರೆಂಬೆಯ ಚೂಪಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಮೂರನೆಯದು ಎರಡು ಸಾಲು ಆಚೆ ಗಿಡದ ಕವಲಿನಲ್ಲಿ ಮೊಟ್ಟೆಯ ಹಾಗೆ ಕೂತಿತ್ತು. ಕೈ ಚಾಚಿದರೆ ನಿಲುಕದು. ರೆಂಬೆ ಬಗ್ಗಿಸಲೇಬೇಕು. ಆ ರೆಂಬೆಯ ತುಂಬ ಹೂವು, ಎಲೆಯೇ ಕಾಣದಷ್ಟು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ಬೇಡ, ವಾಪಸ್ಸು ಹೋಗಿ ಸಿಗಲಿಲ್ಲ ಅಂದುಬಿಡೋಣ ಅನ್ನಿಸಿದ್ದು ನಿಜ. ಆಮೇಲೆ ಬೇಲಿಯ ಹತ್ತಿರ ಕೈಜೋಡಿಸಿ ನಿಂತವರ ಬಿಳುಚಿದ ಮುಖ ಕಣ್ಣಿಗೆ ಬಂತು. ರೆಂಬೆ ಹಿಡಿದು ಎಳೆದೆ. ಅಕ್ಕಿ ಸುರಿದ ಹಾಗೆ ಹೂವು ತಲೆ ಮೇಲೆ ಸುರಿಯಿತು. ಚೆಂಡು ಎದೆಗೆ ಬಂದು ಬಡಿಯಿತು, ಬಾಚಿ ತಬ್ಬಿಕೊಂಡೆ.

ನಾನು ಬೇಲಿಗೆ ಬಂದಾಗ ರೆಫ್ರಿ ಸೀಟಿಯನ್ನು ಬಾಯಿಗೆ ಇಟ್ಟಾಗಿತ್ತು. ಚೆಂಡನ್ನು ಎತ್ತಿ ಎಸೆದೆ. ಅದು ಹೋಗಿ ಮೂಡಿಗೆರೆ ಕ್ಯಾಪ್ಟನ್ನಿನ ಕಿತ್ತಳೆಯ ಮೇಲೆಯೇ ಬಿತ್ತು. ಗುರಿ ಇಟ್ಟದ್ದಲ್ಲ ಎಂದು ಎಲ್ಲರ ಹತ್ತಿರವೂ ಹೇಳಿದ್ದೇನೆ. ನೀವಾದರೂ ನಂಬಿ.

ಆಮೇಲಿನ ಹತ್ತು ನಿಮಿಷ ಪೇಟೆಯವರು ನಮ್ಮನ್ನು ಗೋಲಿನ ಮುಂದೆಯೇ ಕಟ್ಟಿಹಾಕಿದರು. ಕೊನೆಯಲ್ಲಿ ಒಂದು ಫ್ರೀ ಕಿಕ್ ಸಿಕ್ಕಿತು ಅವರಿಗೆ. ಒದ್ದವನು ಎಡಗಾಲಿನವನು. ಚೆಂಡು ನಮ್ಮವರ ಸಾಲು ದಾಟಿ ಮೂಲೆಗೆ ಬಾಗಿತು. ಅಳಿಯ ಆ ದೇಹವನ್ನು ಹೇಗೆ ಹಾರಿಸಿದರೋ ದೇವರಿಗೇ ಗೊತ್ತು. ಚೆಂಡು ಕೈಗೆ ತಾಗಲಿಲ್ಲ, ಹೊಟ್ಟೆಗೆ ಬಡಿದು ನಿಂತಿತು. ಇಷ್ಟು ದಿನ ಆಡಿಕೊಂಡ ಹೊಟ್ಟೆಗೆ ನಾನು ಅಲ್ಲಿಂದಲೇ ದೃಷ್ಟಿ ತೆಗೆದೆ. ಅವರು ಚೆಂಡಿನ ಮೇಲೆ ಕವುಚಿ ಬಿದ್ದುಕೊಂಡೇ ಇದ್ದರು. ರೆಫ್ರಿ ಕೊನೆಯ ಸೀಟಿ ಊದಿದರು. ಉಳಿದೆವು!

ನಾನು ಕೂಗಿದೆನೋ ಅತ್ತೆನೋ ನೆನಪಿಲ್ಲ. ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಿದ್ದಳು. ಅಳಿಯ ಎದ್ದು ನಿಂತವರೇ, ಮೈಮೇಲೆ ಎಚ್ಚರವಿಲ್ಲದೆ, ಆ ಚೆಂಡನ್ನು ಆಕಾಶಕ್ಕೆ ಒದ್ದರು. ಎಲ್ಲರೂ ಕತ್ತೆತ್ತಿ ನೋಡಿದರು. ಅದು ಗಾಳಿಗೆ ಓಲಾಡುತ್ತಾ ಓಲಾಡುತ್ತಾ ನನ್ನ ತೋಟದ ನಟ್ಟನಡುವೆ ಇಳಿಯಿತು. ಅದರ ಹಿಂದೆಯೇ ಕ್ಯಾಪ್ಟನ್ ಬೇಲಿ ಹಾರಿದ. ಅವನ ಹಿಂದೆ ಇಡೀ ತಂಡ, ತಂಡದ ಹಿಂದೆ ಊರು. ಗಿಡಗಳ ನಡುವೆ ಅಪ್ಪಿಕೊಂಡರು, ಉರುಳಿದರು, ರೆಂಬೆ ಅಲ್ಲಾಡಿಸಿ ಒಬ್ಬರ ತಲೆಗೊಬ್ಬರು ಹೂವು ಸುರಿದುಕೊಂಡರು. ಕೋಲು ಹುಡುಕಿದೆ, ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ನಗುವಿನಲ್ಲಿ ಕೈ ಎತ್ತಲು ಆಗುತ್ತಿರಲಿಲ್ಲ.

ಅಳಿಯ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದರು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಮೀಸೆಯ ತುಂಬ ಬಿಳಿ ಎಸಳು. ನಾನು ಸೊಂಟಕ್ಕೆ ಕೈಕೊಟ್ಟು ದಾರಿಗೆ ಅಡ್ಡ ನಿಂತೆ.

"ಇದೆಂತ ಮಾಡಿಟ್ರಿ ಅಳಿಯಂದ್ರೆ? ನಡೂ ತೋಟದಲ್ಲಿ ಒಂದು ಹೂ ಉಳಿಸ್ಲಿಲ್ಲ. ಬರೋ ವರ್ಷ ನಾನು ಎಂತ ಕೊಯ್ಲಿ?"

ಅವರು ಒಂದು ಹೆಜ್ಜೆ ಹಿಂದೆ ಸರಿದರು, ನನ್ನ ಕೈಗೆ ಸಿಗದಷ್ಟು ದೂರ.

"ಬರೋ ವರ್ಷಾನೂ ಎ ಡಿವಿಷನ್ ಅಲ್ದಾ ಅತ್ತೆ? ಬಾಲ್ ಕೊಯ್ರಿ."