ಹೊರಗೆ ಕಂಡರೆ ಗುರುತಿಲ್ಲ

ಚೆನ್ನೈನ ಒಂದು ಶಾಲೆಯಲ್ಲಿ ನಾನು ಆಪ್ತ ಸಮಾಲೋಚಕಿ. ಇಡೀ ಶಾಲೆಯ ಮಕ್ಕಳ ಮನಸ್ಸಿನ ಭಾರ ಇಳಿಸುವುದು ನಿಮ್ಮ ಕೆಲಸ ಎಂದು ನಾನು ಸೇರಿದ ದಿನವೇ ಪ್ರಾಂಶುಪಾಲರು ಹೇಳಿದ್ದರು. ಭಾರ ಇಳಿಸಬೇಕಾದರೆ ಮೊದಲು ಯಾರಾದರೂ ಹೊತ್ತುಕೊಂಡು ಬರಬೇಕಲ್ಲ! ನನ್ನ ಕೋಣೆಗೆ ನೊಣವೂ ಹಣಕಿ ನೋಡುತ್ತಿರಲಿಲ್ಲ. ಮೈಸೂರಿನಿಂದ ಒಬ್ಬಳೇ ಬಂದು ಪುರಸೈವಾಕ್ಕಂನ ಓಣಿಯೊಂದರಲ್ಲಿ ಬಾಡಿಗೆಗಿದ್ದವಳು ನಾನು. ಮಕ್ಕಳೊಡನೆ ಇಂಗ್ಲಿಷ್ ನಡೆಯುತ್ತಿತ್ತು. ನನ್ನ ತಮಿಳು ತರಕಾರಿ ಕೊಳ್ಳುವುದಕ್ಕೆ ಸಾಕಾಗುತ್ತಿತ್ತು, ಹರಟೆಗೆ ಸಾಲುತ್ತಿರಲಿಲ್ಲ. ಶಾಲೆಯಲ್ಲೂ ಒಬ್ಬಳೇ, ಮನೆಯಲ್ಲೂ ಒಬ್ಬಳೇ. ಭಾನುವಾರ ಸಂಜೆಯ ಹೊತ್ತಿಗೆ, ಇವತ್ತು ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲವಲ್ಲ ಎಂದು ನೆನಪಾಗುತ್ತಿತ್ತು.

ಮಕ್ಕಳು ಬಾರದ ಕಾರಣ ಒಂದು ದಿನ ಕಾರಿಡಾರಿನಲ್ಲಿ ಕಿವಿಗೆ ಬಿತ್ತು. ಪಕ್ಕದ ತರಗತಿಯ ಟೀಚರ್ ಗದರುತ್ತಿದ್ದರು: "ಸೇಟ್ಟೈ ಪಣ್ಣಿನಾ ಕೌನ್ಸೆಲಿಂಗ್ ರೂಮುಕ್ಕು ಅನುಪ್ಪಿಡುವೇನ್!" ತಂಟೆ ಮಾಡಿದರೆ ನನ್ನ ಕೋಣೆಗೆ ಕಳಿಸಿಬಿಡುತ್ತಾರಂತೆ. ನಾನು ಗುಮ್ಮ! ನನಗೆ ಮೈಯೆಲ್ಲ ಉರಿಯಿತು. ಆ ವಾರದ ಸಭೆಯಲ್ಲಿ ಪ್ರಾಂಶುಪಾಲರ ಮುಂದೆಯೇ ಎರಡು ಬೇಡಿಕೆ ಇಟ್ಟೆ. ಒಂದು, ನಮ್ಮ ಮಹಡಿಯ ಕುಡಿಯುವ ನೀರಿನ ಕ್ಯಾನುಗಳನ್ನು ನನ್ನ ಕೋಣೆಯ ಒಳಗೆ ಇಡಬೇಕು. ಇನ್ನೊಂದು, ಯಾವ ಮಗು ಯಾಕೆ ಅಲ್ಲಿಗೆ ಹೋಗಿತ್ತು ಎಂದು ಯಾರೂ ಕೇಳಬಾರದು. ನಾನೂ ಅಷ್ಟೇ, ಆ ಬಾಗಿಲಿನಾಚೆ ಯಾವ ಮಗುವೂ ತಾನಾಗಿ ಮಾತಾಡಿಸದೆ ನಾನು ಗುರುತು ತೋರಿಸುವುದಿಲ್ಲ.

"ಮೇಡಂಗೆ ಹೊರಗಡೆ ಮೌನವ್ರತವೋ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ ಬಿಡಿ, ಕ್ಯಾನುಗಳಂತೂ ನನ್ನ ಕೋಣೆಗೆ ಬಂದವು. ಚೆನ್ನೈನ ಸೆಕೆಯಲ್ಲಿ ನೀರು ಬೇಡ ಎನ್ನುವವರು ಯಾರು? ಮಕ್ಕಳು, ಟೀಚರ್‌ಗಳು, ಗುಡಿಸುವ ಆಯಮ್ಮ, ಎಲ್ಲರೂ ಬಾಟಲಿ ಹಿಡಿದು ಬರತೊಡಗಿದರು. ಯಾರು ನೀರಿಗೆ ಬಂದರು, ಯಾರು ಅಳುವುದಕ್ಕೆ ಬಂದರು ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಹಾಗೆ ಬಂದವಳು ಎಂಟನೆಯ ತರಗತಿಯ ಒಬ್ಬ ಹುಡುಗಿ. ಬಾಟಲಿ ತುಂಬಿದ ಮೇಲೂ ಕ್ಯಾನಿನ ನಲ್ಲಿ ನಿಲ್ಲಿಸದೆ ನೀರು ಹರಿಸುತ್ತ ನಿಂತಿದ್ದಳು. ನಾನು ಆಗಷ್ಟೇ ಫೋನಿನಲ್ಲಿ ಅಕ್ಕನ ಜೊತೆ ಮಾತು ಮುಗಿಸಿದ್ದೆ.

"ಮಿಸ್, ನಿಮಗೆ ಕನ್ನಡ ಬರುತ್ತಾ?" ಎಂದಳು.

ಬರುತ್ತೆ ಎಂದದ್ದೇ ತಡ, ಅವಳ ಕಣ್ಣು ತುಂಬಿಕೊಂಡಿತು. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮಂಡ್ಯದಿಂದ ಬಂದವರು. ಇವಳು ತಮಿಳು ಮಾತಾಡಲು ಹೋದರೆ ತರಗತಿಯವರು ಅಣಕಿಸುತ್ತಾರೆ. ಊಟಕ್ಕೆ ಯಾರೂ ಜೊತೆ ಸೇರಿಸಿಕೊಳ್ಳುವುದಿಲ್ಲ. ಡಬ್ಬಿಯ ಅನ್ನವನ್ನು ಟಾಯ್ಲೆಟ್‌ನಲ್ಲಿ ಚೆಲ್ಲಿ, ಖಾಲಿ ಡಬ್ಬಿ ಮನೆಗೆ ಒಯ್ಯುತ್ತಾಳೆ.

"ಅಮ್ಮಂಗೆ ಮಾತ್ರ ಹೇಳ್ಬೇಡಿ ಮಿಸ್. ಈ ಊರಿಗ್ ಬಂದಾಗಿಂದ ಅವ್ರೇ ಅಳ್ತಿರ್ತಾರೆ. ನಾನ್ ಚೆನ್ನಾಗಿದೀನಿ ಅಂದ್ಕೊಂಡೇ ಅವ್ರು ಒಸಿ ಸಮಾಧಾನವಾಗಿರೋದು."

ಅವಳ ತರಗತಿಗೆ ಹೋಗಿ ಬುದ್ಧಿ ಹೇಳಿದ್ದರೆ ಎಲ್ಲರ ಕಣ್ಣೂ ಅವಳ ಮೇಲೆ ಬೀಳುತ್ತಿತ್ತು. ಅದಕ್ಕೇ ಪ್ರಾಂಶುಪಾಲರ ಬೆನ್ನು ಹತ್ತಿ ಶಾಲೆಗೆಲ್ಲ ಒಂದೇ ಕ್ರಮ ತರಿಸಿದೆ. ವಾರಕ್ಕೊಮ್ಮೆ ಊಟದ ಗುಂಪು ಬದಲಾಗಬೇಕು, ಪ್ರತಿ ಗುಂಪಿನಲ್ಲೂ ಒಬ್ಬ ಟೀಚರ್ ಡಬ್ಬಿ ಬಿಚ್ಚಿ ಕೂರಬೇಕು. ಪಾಲಕರ ಮುಂದೆ ಪ್ರಾಂಶುಪಾಲರು ಇದನ್ನು ಹೆಮ್ಮೆಯಿಂದ ಬಣ್ಣಿಸಿದರು. ಇಷ್ಟೆಲ್ಲ ಒಬ್ಬ ಹುಡುಗಿಗಾಗಿ ಎಂಬುದು ಅವರಿಗೂ ಗೊತ್ತಿರಲಿಲ್ಲ. ಕೆಲವು ವಾರ ಅವಳು ನೀರಿನ ನೆಪದಲ್ಲಿ ಬಂದು ನನ್ನ ಎದುರು ಕುಳಿತಳು. ಆಮೇಲೆ ಗೆಳತಿಯರ ಜೊತೆ ಬಂದು ನಿಜವಾಗಿಯೂ ನೀರನ್ನಷ್ಟೇ ತುಂಬಿಸಿಕೊಂಡು ಹೋದಳು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೂ ಅವಳ ಕನ್ನಡ ಕೇಳದೆ ಕೋಣೆ ಬಿಕೋ ಎನ್ನುತ್ತಿತ್ತು.

ಒಂದು ಶನಿವಾರ ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಸಣ್ಣದೊಂದು ಇಡ್ಲಿ ಪಾತ್ರೆ ಆರಿಸುತ್ತ ಅಕ್ಕನಿಗೆ ಫೋನಿನಲ್ಲಿ ಬೆಲೆ ಹೇಳುತ್ತಿದ್ದೆ. ಹಿಂದಿನಿಂದ ಯಾರೋ ತೋಳು ಹಿಡಿದರು.

"ಅಯ್ಯೋ, ಕನ್ನಡದೋರಾ ನೀವು?"

ತಿರುಗಿದೆ. ನನ್ನ ವಯಸ್ಸಿನ ಹೆಂಗಸು, ಮುಖದ ತುಂಬ ನಗು. ಅವರ ಹಿಂದೆ ಚೀಲ ಹಿಡಿದು ನಿಂತಿದ್ದವಳು ಅದೇ ಹುಡುಗಿ. ನನ್ನನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು.

"ಮನೆಯಿಂದಾಚೆ ಕನ್ನಡ ಕೇಳಿ ಎಷ್ಟ್ ದಿನ ಆಗೋಗಿತ್ತು ಗೊತ್ತಾ! ಯಾವೂರು ನಿಮ್ದು? ಇಲ್ಲಿ ಎಲ್ಲಿ ಕೆಲ್ಸ? ನಮ್ಮನೆ ಇಲ್ಲೇ ಹಿಂದ್ಗಡೆ ಬೀದೀಲಿ. ಬನ್ನಿ, ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗೋರಂತೆ."

ಹೋಗಬೇಕೆಂದು ಎಷ್ಟು ಆಸೆಯಾಯಿತು! ಅವರ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು, ಅವರು ಈ ಊರಿನ ಸೆಕೆಯನ್ನೂ ಸೊಳ್ಳೆಯನ್ನೂ ಕನ್ನಡದಲ್ಲಿ ಬಯ್ಯುವುದನ್ನು ಕೇಳಬೇಕೆನಿಸಿತು. ಆದರೆ ಕೆಲಸ ಎಲ್ಲಿ ಎಂದು ನಿಜ ಹೇಳಿದರೆ ಅವರು ಮೊದಲು ಕೇಳುವುದೇ ಮಗಳ ಬಗ್ಗೆ. ಸುಳ್ಳು ಹೇಳಿದರೆ ಮುಂದಿನ ಪಾಲಕರ ಸಭೆಯಲ್ಲಿ ಬಯಲಾಗಿ ಹುಡುಗಿಯ ತಲೆಗೇ ಬರುತ್ತದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ, ನನಗೆ ಅರ್ಜೆಂಟಿದೆ," ಎಂದು ತೋಳು ಬಿಡಿಸಿಕೊಂಡು, ಪಾತ್ರೆಯನ್ನು ಅಲ್ಲೇ ಇಟ್ಟು ಹೊರಟೆ. ಮುಖ ತಿರುಗಿಸಿದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ಅವರೆದುರೇ ಅತ್ತುಬಿಡುತ್ತಿದ್ದೆ.

"ನೋಡ್ದೇನೇ? ನಮ್ ಕಡೆಯೋರು ಅಂತ ಆಸೆಯಿಂದ ಮಾತಾಡ್ಸಿದ್ರೆ ಎಷ್ಟ್ ಕೊಬ್ಬು ಇವ್ರಿಗೆ!"

ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ನೆಪದಲ್ಲಿ ನಿಧಾನಿಸಿದೆ. ಹುಡುಗಿಯ ದನಿ ಕೇಳಿಸಿತು. ಹೆದರಿಕೆ ಹೋಗಿ ಅದರಲ್ಲೀಗ ನಿರಾಳವಿತ್ತು.

"ಹೋಗ್ಲಿ ಬಿಡಮ್ಮ. ಯಾರೋ ಏನೋ."