ಚೆಲಂಗಾತ್ ಬರೆದ ನಾಳೆ

ಚೆಲಂಗಾತಳ ಕೆಲಸ ಏನೆಂಬುದು ಊರಿನವರಿಗೆ ಕೊನೆಗೂ ತಲೆಗೆ ಹತ್ತಲಿಲ್ಲ. ನೈರೋಬಿಯಲ್ಲಿ, ಚಹಾ ಕಂಪನಿಯ ಮುಖ್ಯ ಕಚೇರಿಯಲ್ಲಿ ಕೂತು ಮುಂದೇನಾಗಬಹುದು ಎಂದು ಯೋಚಿಸುವುದಕ್ಕೆ ಸಂಬಳ ಕೊಡುತ್ತಾರೆ ಅಂದರೆ ಯಾರು ತಾನೇ ನಂಬುತ್ತಾರೆ? ಅವಳನ್ನು ಸಾಕಿದ ಚಿಕ್ಕಮ್ಮ ತಪ್ಕಿಗೆನ್ ಮಾತ್ರ ನಂಬಿದ್ದಳು. ಕೆರಿಚೊ ಗುಡ್ಡಗಳ ನಡುವಿನ ಕಪ್ತೆಬೆಲ್ ಕಾರ್ಖಾನೆಯಲ್ಲಿ ಚಹಾದೆಲೆ ಬಾಡಿಸುತ್ತ, ಕಂಪನಿಯ ಲೈನ್ ಮನೆಯಲ್ಲೇ ಆಯುಷ್ಯ ಸವೆಸಿದವಳು ಆಕೆ. "ನಮ್ಮ ಹುಡುಗಿ ಮೇಲೆ ಕೂತಿರೋವಾಗ ನನಗೇನ್ರೇ ಭಯ?" ಎಂದು ಅಕ್ಕಪಕ್ಕದವರ ಹೊಟ್ಟೆ ಉರಿಸುತ್ತಿದ್ದಳು.

ಕೆಲಸ ಇಷ್ಟೇ. ಮಳೆ ಕೈಕೊಟ್ಟರೆ, ಪರದೇಶದವರು ಚಹಾ ಬಿಟ್ಟು ಇನ್ನೇನೋ ಕುಡಿಯತೊಡಗಿದರೆ ಕಂಪನಿ ಏನು ಮಾಡಬೇಕು? ಅದಕ್ಕಾಗಿ ನಾಲ್ಕು ಬಗೆಯ ನಾಳೆಗಳನ್ನು ಕತೆಯಾಗಿ ಹೆಣೆದು ನಿರ್ದೇಶಕರಿಗೆ ಓದಿ ಹೇಳಬೇಕು. ಇದೇ ಆಗುತ್ತದೆ ಅನ್ನುವಂತಿಲ್ಲ, ಹೀಗೂ ಆಗಬಹುದು ಅನ್ನಬೇಕು. ಅವಳ ಮೇಲಧಿಕಾರಿ ಮುಟಿಸೊನದು ಯಾವಾಗಲೂ ಒಂದೇ ರಾಗ.

"ಕತೇಲಿ ಜೀವ ಇರ್ಬೇಕಮ್ಮಾ. ಬರೀ ಅಂಕಿ ಹೇಳಿದ್ರೆ ದೊಡ್ಡೋರು ಊಟದ ಹೊತ್ತಿಗೆ ಮರ್ತಿರ್ತಾರೆ. ಒಂದು ಊರು ಹಿಡಿ, ಜನ ಕಣ್ಣಿಗೆ ಕಾಣ್ಬೇಕು."

ಮೂರು ಕತೆಗಳಿಗೆ ಚೆಲಂಗಾತ್ ಭೂಪಟ ನೋಡಿ ಊರು ಹುಡುಕಿದಳು. ಎಲ್ಲಕ್ಕಿಂತ ಕೆಟ್ಟ ನಾಳೆಗೆ, ಕಾರ್ಖಾನೆ ಮುಚ್ಚಿಹೋಗುವ ನಾಳೆಗೆ, ತಾನು ಚೆನ್ನಾಗಿ ಬಲ್ಲ ಊರೇ ಬೇಕೆನಿಸಿ ಕಪ್ತೆಬೆಲ್ ಹಿಡಿದಳು. ಹೆಸರಾದರೂ ಬದಲಿಸಬಾರದಿತ್ತೇ! ಬರೀ ಕತೆ ತಾನೇ ಎಂದುಕೊಂಡಳು. ತಣ್ಣಗಾದ ಬಾಯ್ಲರು, ಬಾಗಿಲು ಕಿತ್ತುಹೋದ ಲೈನ್ ಮನೆಗಳು, ಎಲೆ ಬಾಡಿಸುವ ತೊಟ್ಟಿಯಲ್ಲಿ ಕಾವು ಕೂತ ಕೋಳಿ, ಎಲ್ಲವನ್ನೂ ಬರೆದಳು. ಓದಿ ಮುಗಿಸಿದಾಗ ನಿರ್ದೇಶಕರು ಅದೊಂದನ್ನು ಮಾತ್ರ ಮತ್ತೊಮ್ಮೆ ಓದಿಸಿದರು. ಮುಟಿಸೊ ಬೆನ್ನು ತಟ್ಟಿದ. ಹಿಗ್ಗಿಹೋದಳು ಪಾಪ.

ಉಳಿದ ಮೂರು ನಾಳೆಗಳು ಯಾರ ತಲೆಯಲ್ಲೂ ನಿಲ್ಲಲಿಲ್ಲ. ಆಮೇಲಿನ ಸಭೆಗಳಲ್ಲೆಲ್ಲ ಬರೀ ಕಪ್ತೆಬೆಲ್‌ನದೇ ಮಾತು. ಮುಂದೆಂದೋ ಮುಚ್ಚಬೇಕಾಗಿ ಬರಬಹುದಾದರೆ ಈಗಲೇ ಮುಚ್ಚಿಬಿಡೋಣ, ಪೆಟ್ಟು ಕಡಿಮೆ ಬೀಳುತ್ತದೆ ಎಂದು ತೀರ್ಮಾನವಾಯಿತು. ಮುಂದಾಲೋಚನೆ ಅಂದರೆ ಇದಂತೆ!

"ಸಾರ್, ಅದು ಉದಾಹರಣೆಗೆ ಹಿಡಿದ ಊರು. ಕಾರ್ಖಾನೆ ಚೆನ್ನಾಗೇ ನಡೀತಿದೆ."

"ನಾನೂ ಹೇಳ್ದೆ ಕಣಮ್ಮಾ. ಅವರ ಮನಸ್ಸಲ್ಲಿ ಅದು ಆಗ್ಲೇ ಮುಚ್ಚಿಹೋಗಿದೆ, ನಾನೇನ್ ಮಾಡ್ಲಿ?" ಮುಟಿಸೊ ದನಿ ತಗ್ಗಿಸಿದ. "ಹೊರಗೆ ಬಾಯಿ ಬಿಟ್ಟೀಯ, ಹುಷಾರು. ನಿನ್ನ ಕೆಲಸ ಹೋಗುತ್ತೆ ಅಷ್ಟೇ, ಮುಚ್ಚೋದೇನೂ ನಿಲ್ಲಲ್ಲ."

ಕಪ್ತೆಬೆಲ್ ಉಳಿದುಕೊಳ್ಳುವ ಹೊಸ ಕತೆಯೊಂದನ್ನು ಬರೆದುಕೊಂಡು ಹೋದಳು. ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಅದೇ ವಾರ ಚಿಕ್ಕಮ್ಮನ ಫೋನು ಬಂತು. "ಗುಡ್ಡದಾಚೆ ತೋಟದೋರು ಕೆಲ್ಸ, ಮನೆ ಎರಡೂ ಕೊಡ್ತೀವಿ ಅಂತಿದಾರೆ ಕಣೇ. ನಾಳೇನೇ ಹೇಳ್ಬೇಕಂತೆ. ಹೋಗ್ಲಾ?"

ಹೋಗು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಯಾಕೆ ಎಂದು ಕೇಳದೆ ಬಿಡುವವಳಲ್ಲ ಚಿಕ್ಕಮ್ಮ, ಅವಳ ಬಾಯಲ್ಲಿ ಗುಟ್ಟೂ ನಿಲ್ಲುವುದಿಲ್ಲ. ಸಂಜೆಯೊಳಗೆ ಇಡೀ ಲೈನಿಗೆ ಗೊತ್ತಾಗುತ್ತದೆ, ಮಾರನೆಯ ದಿನ ನೈರೋಬಿಗೆ. ಆಮೇಲೆ ತನ್ನ ಕೆಲಸ ಹೋದಂತೆಯೇ.

"ನಿನ್ನಿಷ್ಟ ಚಿಕ್ಕಮ್ಮಾ."

"ಸರಿ ಬಿಡು. ಇಲ್ಲಿ ಏನಾದ್ರೂ ಎಡವಟ್ಟಾಗೋ ಹಂಗಿದ್ರೆ ನೀನೇ ಹೋಗು ಅಂತಿದ್ದೆ," ಎಂದು ನಕ್ಕು ತಪ್ಕಿಗೆನ್ ಫೋನಿಟ್ಟಳು.

ಕಾರ್ಖಾನೆಗೆ ಬೀಗ ಬಿತ್ತು. ಸುದ್ದಿ ಕೇಳಿ ಚೆಲಂಗಾತ್ ಮತಾತು ವ್ಯಾನು ಹಿಡಿದು ಊರಿಗೆ ಬಂದಿಳಿದಳು. ಕಂಪನಿಯ ಮನೆ ಖಾಲಿ ಮಾಡಲೆಂದು ಚಿಕ್ಕಮ್ಮ ಹಾಸಿಗೆ ಸುತ್ತುತ್ತಿದ್ದಳು. ಎಲ್ಲಿಗೆ ಹೊರಟಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಗುಡ್ಡದಾಚೆಯ ತೋಟದಲ್ಲಿ ಬೇರೆಯವರು ಸೇರಿಯಾಗಿತ್ತು.

ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಕುಟುಕಿದಳು: "ಮುಂದಾಗೋದನ್ನ ನೋಡೋದೇ ಅಲ್ವೇನಮ್ಮಾ ನಿನ್ನ ಕೆಲ್ಸ? ಇದೊಂದು ಕಾಣ್ಲಿಲ್ವಾ?"

ತಪ್ಕಿಗೆನ್ ಸಿಡಿದೆದ್ದಳು. "ಬಾಯಿ ಮುಚ್ಚೇ! ಗೊತ್ತಿದ್ದಿದ್ರೆ ನಂಗೆ ಹೇಳ್ದೆ ಇರ್ತಿದ್ಲಾ? ನಾನು ಎತ್ತಿ ಆಡಿಸಿದ ಮಗು ಅದು."

ಚೆಲಂಗಾತಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಚಿಕ್ಕಮ್ಮ ಸೋರೆಬುರುಡೆ ಬಗ್ಗಿಸಿ, ಉಳಿದಿದ್ದ ಹುಳಿಹಾಲನ್ನೆಲ್ಲ ಲೋಟಕ್ಕೆ ಸುರಿದು ಅವಳ ಕೈಗಿಟ್ಟಳು.

"ಅಳ್ಬೇಡ, ಕುಡಿ. ಸದ್ಯ, ನಿನ್ನ ಕೆಲ್ಸನಾದ್ರೂ ಉಳೀತಲ್ಲ."