ಉಗುರಿನ ದಪ್ಪದಷ್ಟು ಹಿಂದಕ್ಕೆ

ಮಿರಜಿನ ಜಯಪಾಲನ ಹೊಟ್ಟೆಕಿಚ್ಚನ್ನು ತಕ್ಕಡಿಗೆ ಹಾಕುವಂತಿದ್ದರೆ, ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಅದಕ್ಕೆ ಸಾಕಾಗುವ ತೂಕದ ಕಲ್ಲು ಸಿಗುತ್ತಿರಲಿಲ್ಲ. ಮೂವತ್ತು ವರ್ಷ ರೇಸಿನ ಗಾಡಿಗಳ ಕಾರ್ಬೊರೇಟರಿಗೆ ರಬ್ಬರಿನ ನಳಿಗೆ ಹಿಡಿದು, ಇನ್ನೊಂದು ತುದಿ ಕಿವಿಗಿಟ್ಟು, ಉಸಿರು ಕೇಳಿ ಸ್ಕ್ರೂ ತಿರುಗಿಸಿದವನು ಅವನು. ಈಗ ಎದುರು ಶೆಡ್ಡಿಗೆ ಕುಪವಾಡದಿಂದ ಗುರುಸಿದ್ಧಪ್ಪ ಬಂದಿದ್ದ. ಕೈಯಲ್ಲಿ ಟೈಮಿಂಗ್ ಲೈಟು. ಸ್ಪಾರ್ಕು ಎಷ್ಟು ಡಿಗ್ರಿ ಮುಂಚೆ ಹಾರುತ್ತದೆಂಬುದು ಅದರ ಮಿಣುಕು ಬೆಳಕಿನಲ್ಲಿ ಗಿರಾಕಿಗೂ ಕಾಣುತ್ತಿತ್ತು. ಜಯಪಾಲನ ಕಿವಿಯೊಳಗೆ ಯಾವ ಗಿರಾಕಿ ಇಣುಕಿ ನೋಡಬೇಕು?

ಅದನ್ನೂ ಸಹಿಸಬಹುದಿತ್ತು. ಆದರೆ ಅವನ ಇಪ್ಪತ್ತು ವರ್ಷ ಹಳೆಯ ಗಿರಾಕಿ, ಕವಲಾಪುರದ ದ್ರಾಕ್ಷಿ ಸಾಹುಕಾರ ಅಪ್ಪಾಸಾಬ, ತನ್ನ ಜೋಡಿ ಕಾರ್ಬೊರೇಟರಿನ ಜಿಪ್ಸಿ ಜೀಪನ್ನು ಘಾಟು ಹತ್ತುವ ರೇಸಿಗೆಂದು ಎದುರು ಶೆಡ್ಡಿಗೇ ಬಿಟ್ಟ. ಗಾಡಿ ಗೆದ್ದರೆ ಅಪ್ಪಾಸಾಬ ಕಾಯಂ ಹೋದಂತೆ.

"ಕಾಕಾ, ಉಂಡು ಬರ್ತೇನ್ರಿ. ಗಾಡಿ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ," ಎಂದು ಗುರುಸಿದ್ಧಪ್ಪ ಹೋದ. ಆ 'ಕಾಕಾ' ಬೇರೆ ಉರಿಸಿತು.

ಜಯಪಾಲ ಲಕ್ಷ್ಯ ಕೊಟ್ಟ, ಬೋಲ್ಟು ತಿರುಗಿಸುವ ಪಾನಾ ಹಿಡಿದೇ ಕೊಟ್ಟ. ಸ್ಪಾರ್ಕು ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಅದನ್ನು ಉಗುರಿನ ದಪ್ಪದಷ್ಟು ಹಿಂದಕ್ಕೆ ತಿರುಗಿಸಿ, ಮತ್ತೆ ಬಿಗಿದ. ಸ್ಪಾರ್ಕು ತುಸು ತಡವಾದರೆ ಎಳೆತ ಸಾಯಬೇಕು, ಏರಿನಲ್ಲಿ ಗಾಡಿ ಏದುಸಿರು ಬಿಡಬೇಕು. ಅವನ ಲೆಕ್ಕ ಅದು.

ರವಿವಾರ ಕೆಂಡದಂಥ ಬಿಸಿಲು. ಎಳೆತದ ಆಸೆಗೆ ಸ್ಪಾರ್ಕನ್ನು ತೀರ ಮುಂಚೆ ಇಟ್ಟಿದ್ದ ಉಳಿದ ಗಾಡಿಗಳು ಕಾದು, ಇಂಜಿನ್ನು ಕಟಕಟ ಬಡಿದು, ಅರ್ಧ ಘಾಟಿನಲ್ಲೇ ಬಸವಳಿದವು. ಅಪ್ಪಾಸಾಬನ ಜಿಪ್ಸಿ ಒಂದಿಷ್ಟೂ ಬಡಿಯದೆ ಏರಿ ಮೊದಲು ಬಂತು.

ಮರುದಿನ ಅಪ್ಪಾಸಾಬನೂ ಗುರುಸಿದ್ಧಪ್ಪನೂ ಪೇಢೆ ಹಿಡಿದು ಜಯಪಾಲನ ಶೆಡ್ಡಿಗೆ ಬಂದರು. ಜಯಪಾಲ ತನ್ನ ಪೇಢೆಯನ್ನು ಬಾಯಿಗೆ ಹಾಕದೆ ಬದಿಗಿಟ್ಟ. ಕೈಚಳಕ ತನ್ನದು, ಹೆಸರು ಗುರುಸಿದ್ಧಪ್ಪನದು. ಬಾಯಿ ಬಿಟ್ಟರೆ ಕಳ್ಳ, ಬಿಡದಿದ್ದರೆ ಹೊಟ್ಟೆ ಉರಿ.

"ಒಂದ್ ಚಮತ್ಕಾರ ಕೇಳ್ರಿ ಕಾಕಾ," ಗುರುಸಿದ್ಧಪ್ಪ ಅಂದ. "ನಾ ಹದಿನಾರು ಡಿಗ್ರಿ ಇಟ್ಟಿದ್ದೆ. ಇವತ್ತ ಲೈಟ್ ಹಿಡದ್ ನೋಡಿದ್ರ ಹನ್ನೆರಡೈತಿ! ಬೋಲ್ಟ್ ಸಡ್ಲಾಗಿ ತಾನ ಸರದಿರಬೇಕ್ ನೋಡ್ರಿ."

ಗುರುಸಿದ್ಧಪ್ಪನಿಗೆ ಹೆಸರು ಹೋಗಿದ್ದೇ ಸಾಲದೆ, ಈಗ ಒಂದು ಬೋಲ್ಟಿಗೂ ಹೋಗಬೇಕೇ?

"ಹ್ಯಾಂಗ್ ಸಡ್ಲಾಗ್ತೈತೋ?" ಜಯಪಾಲ ಗುಡುಗಿದ. "ನಾ ಬಿಗದ ಬೋಲ್ಟ್ ಇವತ್ತಿನ ತನಕಾ ಒಂದರ ಸಡ್ಲಾಗೇತೇನು?"

ಅಪ್ಪಾಸಾಬ ಇಬ್ಬರ ಮುಖವನ್ನೂ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಕೆಡಸಾಕ ಹೋದ್ರೂ ನಿನ್ನ ಕೈಗೆ ಕೆಡಸಾಕ ಬರೂದಿಲ್ಲ ನೋಡ ಜಯಪಾಲಣ್ಣಾ! ಇನ್ನ ಮ್ಯಾಲ ಟೈಮಿಂಗ್ ನೀ ಮಾಡು, ಕಾರ್ಬೊರೇಟರ್ ಗುರುಸಿದ್ಧಪ್ಪ ಮಾಡ್ಲಿ."

ಜಯಪಾಲನ ಮುಖ ಅರಳಿ, ಅಷ್ಟೇ ಬೇಗ ಗಂಟಿಕ್ಕಿತು.

"ಕಾರ್ಬೊರೇಟರ್ ಅವಗ್ಯಾಕ?"